ಶಂಖದೊಳಗೆ ಯಾರಿದ್ದರು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ದೇವರ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಶಂಖ ಇದೆ. ಅದನ್ನು ನೋಡಿದ ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಇದರೊಳಗೆ ಏನಿತ್ತು?" ದೊಡ್ಡವರು "ಸಮುದ್ರದಿಂದ ಬಂದಿದ್ದು" ಅಂದು ಸುಮ್ಮನಾಗುತ್ತಾರೆ. ನಾನೂ ಬಹಳ ವರ್ಷ ಹಾಗೇ ಅಂದವನು. ಆಮೇಲೆ ರಾಮೇಶ್ವರ, ತೂತ್ತುಕುಡಿ ಕಡೆ ಓಡಾಡಿ, ಒಂದಿಷ್ಟು ಓದಿ, ತಿಳಿದವರನ್ನು ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಜನ ಜಾಸ್ತಿ ಕೇಳುವ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ.

ಶಂಖ ಅಂದರೆ ಯಾವ ಪ್ರಾಣಿ?

ಕಡಲಿನ ಬಸವನ ಹುಳು. ಮಳೆಗಾಲದಲ್ಲಿ ಹಿತ್ತಲ ಗೋಡೆ ಹತ್ತುತ್ತದಲ್ಲ, ಅದರ ದೂರದ ನೆಂಟ. ವಿಜ್ಞಾನದಲ್ಲಿ ಇದರ ಹೆಸರು ಟರ್ಬಿನೆಲ್ಲಾ ಪೈರಮ್. ಹಳೆಯ ಬರಹಗಳಲ್ಲಿ ಕ್ಸಾಂಕಸ್ ಪೈರಮ್ ಅಂತ ಸಿಗುತ್ತದೆ, ಎರಡೂ ಒಂದೇ. 'ಕ್ಸಾಂಕಸ್' ಅನ್ನುವುದು ನಮ್ಮ 'ಶಂಖ'ವೇ ವೇಷ ಹಾಕಿಕೊಂಡು ಬಂದದ್ದು. ಇಂಗ್ಲಿಷಿನವರ 'ಚಾಂಕ್' ಕೂಡ ಅದೇ. ತಮಿಳಿನಲ್ಲಿ ಸಂಗು.

ನಾವು ಶಂಖ ಅಂತ ಕರೆಯುವುದು ಆ ಹುಳುವಿನ ಮನೆಯನ್ನು. ಹುಳು ತನ್ನ ಮೈಯಿಂದಲೇ ಸುಣ್ಣದಂಥ ಪದಾರ್ಥ ಒಸರಿ, ಬಾಯಿಯ ಅಂಚಿಗೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಮನೆ ಕಟ್ಟುತ್ತದೆ. ಚೂಪಾದ ಸುರುಳಿಯ ತುದಿ ಅದು ಮರಿಯಾಗಿದ್ದಾಗ ಕಟ್ಟಿದ ಕೋಣೆ. ಅಗಲವಾದ ಬಾಯಿ ಕೊನೆಯದಾಗಿ ಕಟ್ಟಿದ್ದು. ಒಂದು ಶಂಖದಲ್ಲಿ ಒಂದು ಇಡೀ ಆಯುಸ್ಸು ಸುತ್ತಿಕೊಂಡಿರುತ್ತದೆ.

ಸಮುದ್ರದಲ್ಲಿ ಇರುವಾಗಲೂ ಇಷ್ಟು ಬೆಳ್ಳಗೆ ಇರುತ್ತದಾ?

ಇಲ್ಲ. ಮೊದಲ ಸಲ ನೋಡಿದಾಗ ನನಗೂ ನಂಬಿಕೆ ಬರಲಿಲ್ಲ. ನೀರಿನಿಂದ ಮೇಲೆ ಬಂದ ಶಂಖ ಕಂದು ಬಣ್ಣಕ್ಕಿರುತ್ತದೆ. ಮೇಲೆಲ್ಲಾ ಮಖಮಲ್ಲಿನಂಥ ಒಂದು ಸಿಪ್ಪೆ. ಕೈಯಲ್ಲಿ ಹಿಡಿದರೆ ಒದ್ದೆ ತೆಂಗಿನ ಸಿಪ್ಪೆ ಮುಟ್ಟಿದ ಹಾಗೆ. ಅದನ್ನು ತೆಗೆದು, ಉಜ್ಜಿ, ಪಾಲಿಶ್ ಮಾಡಿದ ಮೇಲೆ ಒಳಗಿನ ಹಾಲು ಬಿಳುಪು ಕಾಣುತ್ತದೆ. ಅಂಗಡಿಯಲ್ಲಿ ಕನ್ನಡಿಯ ಹಾಗೆ ಹೊಳೆಯುವ ಶಂಖದ ಹಿಂದೆ ಬ್ರಷ್ಷು, ಆಸಿಡ್ಡು, ಚಕ್ರ ಎಲ್ಲಾ ಕೆಲಸ ಮಾಡಿರುತ್ತವೆ.

ಎಲ್ಲಿ ಸಿಗುತ್ತದೆ? ನಮ್ಮ ಮಂಗಳೂರು, ಕಾರವಾರದಲ್ಲಿ?

ಶಂಖದ ಮುಖ್ಯ ತವರು ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿ, ಅಂದರೆ ತಮಿಳುನಾಡು ಮತ್ತು ಶ್ರೀಲಂಕಾದ ನಡುವಿನ ಕಡಲು. ತೂತ್ತುಕುಡಿ, ಕೀಳಕ್ಕರೈ, ರಾಮೇಶ್ವರ ಇದರ ಹಳೆಯ ಊರುಗಳು. ಗುಜರಾತಿನ ಕಚ್ ಕೊಲ್ಲಿಯಲ್ಲೂ ಇದೆ. ಶ್ರೀಲಂಕಾದ ಜಾಫ್ನಾ ಹಿನ್ನೀರಿನಲ್ಲಿ ಇನ್ನೊಂದು ವಿಚಿತ್ರ: ಬಹಳ ಹಿಂದೆಯೇ ಸತ್ತು ಕೆಸರಲ್ಲಿ ಹೂತುಹೋದ ಶಂಖಗಳನ್ನು ಅಲ್ಲಿ ಗೆಡ್ಡೆ ಅಗೆದ ಹಾಗೆ ಅಗೆದು ತೆಗೆಯುತ್ತಿದ್ದರು.

ನಮ್ಮ ಕರಾವಳಿ ಶಂಖದ ಕಸುಬಿಗೆ ಹೆಸರಾದದ್ದಲ್ಲ. ನಮ್ಮವರ ಚಿಪ್ಪಿನ ಪ್ರೀತಿ ಬೇರೆ ಕಡೆ ಇದೆ: ದಕ್ಷಿಣ ಕನ್ನಡದಲ್ಲಿ ಮರುವಾಯಿ, ಉತ್ತರ ಕನ್ನಡದಲ್ಲಿ ಬಳಚು ಅನ್ನುವ ತಿನ್ನುವ ಚಿಪ್ಪುಗಳು. ಮಲ್ಪೆ ಅಥವಾ ಮುರುಡೇಶ್ವರದ ಬೀಚ್ ಅಂಗಡಿಯಲ್ಲಿ ಶಂಖ ಕಂಡರೆ ಅದು ಅಲ್ಲೇ ಸಿಕ್ಕಿದ್ದು ಅಂದುಕೊಳ್ಳಬೇಡಿ.

ಏನು ತಿನ್ನುತ್ತದೆ?

ಮರಳಲ್ಲಿ ಕೊಳವೆ ಮಾಡಿಕೊಂಡು ಬದುಕುವ ಹುಳುಗಳನ್ನು. ಪೂಜೆಗೆ ಕೂರುವ ಶಂಖ ಸಸ್ಯಾಹಾರಿ ಅಲ್ಲ, ಅಷ್ಟೇ.

ಮೊಟ್ಟೆ ಇಡುತ್ತದಾ, ಮರಿ ಹಾಕುತ್ತದಾ?

ಮೊಟ್ಟೆ ಇಡುತ್ತದೆ. ಆದರೆ ಆ ಮೊಟ್ಟೆಯ ಗೂಡನ್ನು ನೋಡಿದರೆ ಯಾರೂ ಮೊಟ್ಟೆ ಅನ್ನುವುದಿಲ್ಲ. ಟಗರಿನ ಕೊಂಬು ನೆನಪು ಮಾಡಿಕೊಳ್ಳಿ. ಸುಮಾರು ಒಂದು ಗೇಣು ಉದ್ದ, ಸ್ವಲ್ಪ ತಿರುಚಿದೆ, ಮೈಮೇಲೆಲ್ಲಾ ಅಡ್ಡ ಅಡ್ಡ ಉಂಗುರ. ಕೈಗೆ ಒಣ ಚರ್ಮದ ಹಾಗೆ ಸಿಗುತ್ತದೆ. ತಾಯಿ ಅದರ ಬುಡವನ್ನು ಮರಳಲ್ಲಿ ನಾಟಿ, ಉಳಿದದ್ದು ನೀರಲ್ಲಿ ನಿಂತಿರುವಂತೆ ಬಿಡುತ್ತದೆ. ಒಳಗೆ ಒಂದರ ಮೇಲೊಂದು ಕೋಣೆಗಳು, ಕೋಣೆಗಳಲ್ಲಿ ಮೊಟ್ಟೆಗಳು.

ಕಡಲಿನ ಎಷ್ಟೋ ಹುಳುಗಳ ಮರಿಗಳು ಹುಟ್ಟಿದ ಕೂಡಲೇ ನೀರಿನ ಸೆಳೆತದಲ್ಲಿ ತೇಲಿಕೊಂಡು ದೂರ ದೂರ ಹೋಗುತ್ತವೆ. ಹೋದಲ್ಲಿ ನೆಲೆ ನಿಲ್ಲುತ್ತವೆ. ಶಂಖದ ಮರಿ ಹಾಗಲ್ಲ. ಗೂಡಿನ ಒಳಗೇ ಬೆಳೆದು, ಪುಟ್ಟ ಚಿಪ್ಪು ಹೊತ್ತುಕೊಂಡೇ ಹೊರಗೆ ಬಂದು, ಅಲ್ಲೇ ಪಕ್ಕದ ಮರಳಲ್ಲಿ ತೆವಳತೊಡಗುತ್ತದೆ. ತಾಯಿ ಇದ್ದ ಬೀದಿಯಲ್ಲೇ ಮರಿಯ ಮನೆ. ಹಾಗಾಗಿ ಒಂದು ಜಾಗದ ಶಂಖಗಳನ್ನೆಲ್ಲಾ ಬಾಚಿಕೊಂಡರೆ, ಬೇರೆ ಕಡೆಯಿಂದ ಮರಿಗಳು ತೇಲಿ ಬಂದು ಆ ಜಾಗ ತುಂಬುತ್ತವೆ ಅನ್ನುವ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. ಬೆಳೆಯುವುದೂ ನಿಧಾನ. ಮೀನಿನ ಲೆಕ್ಕ ಶಂಖಕ್ಕೆ ಹಾಕಬಾರದು ಅಂತ ಜನ ಹೇಳುವುದು ಇದಕ್ಕೇ.

ತೂತ್ತುಕುಡಿಯಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇಂಥ ಗೂಡುಗಳಿಂದ ಮರಿ ಮಾಡಿಸಿ ಸಾಕಿ ನೋಡಿದ್ದಾರೆ. ಅದು ಕೋಳಿ ಫಾರಂ ಆಗುವಷ್ಟು ಸುಲಭದ ಕೆಲಸವಲ್ಲ. ಈಗಲೂ ಅಂಗಡಿಗೆ ಬರುವ ಶಂಖ ಕಡಲಿನಿಂದ ಬಂದದ್ದೇ.

ಹೇಗೆ ಹಿಡಿಯುತ್ತಾರೆ?

ಮುಳುಗಿ. ಮನ್ನಾರ್ ಕೊಲ್ಲಿಯ ಪರವರು ಅನ್ನುವ ಸಮುದಾಯದವರು ಮುತ್ತಿಗೂ ಶಂಖಕ್ಕೂ ತಲೆತಲಾಂತರದಿಂದ ಮುಳುಗುತ್ತಾ ಬಂದವರು. ಮಳೆಗಾಳಿ ನಿಂತು ನೀರು ತಿಳಿಯಾದ ಮೇಲೆ ವಳ್ಳಂ ಅನ್ನುವ ದೋಣಿಯಲ್ಲಿ ಹೋಗುತ್ತಾರೆ. ಮೊದಲು ಬರೀ ಉಸಿರು ಕಟ್ಟಿ ಇಳಿಯುತ್ತಿದ್ದರು. ಕಣ್ಣಿಗೆ ಕನ್ನಡಕ, ಕಾಲಿಗೆ ತಗಡಿನ ತಟ್ಟೆ, ಸೊಂಟಕ್ಕೆ ಬಲೆ ಚೀಲ, ಅಷ್ಟೇ ಸಾಮಾನು. ಈಗ ದೋಣಿಯಲ್ಲಿ ಕಂಪ್ರೆಸರ್ ಇಟ್ಟು ಪೈಪಿನಲ್ಲಿ ಗಾಳಿ ಬಿಡುವುದೂ ಇದೆ. ಅದರಿಂದ ಜಾಸ್ತಿ ಹೊತ್ತು, ಜಾಸ್ತಿ ಆಳದಲ್ಲಿ ಇರಬಹುದು. ಅಪಾಯವೂ ಜಾಸ್ತಿ. ಗಡಿಬಿಡಿಯಲ್ಲಿ ಮೇಲೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಎದ್ದು ಕೈಕಾಲು ಬಿದ್ದುಹೋಗಬಹುದು, ಜೀವವೂ ಹೋಗಬಹುದು. ಸಂಗು ವಲೈ ಅನ್ನುವ ಬಲೆ ಹಾಕಿ ಹಿಡಿಯುವುದೂ ಉಂಟು.

ಒಂದು ಕಾಲದಲ್ಲಿ ಇದು ಸರ್ಕಾರದ ಏಕಸ್ವಾಮ್ಯ. ಡಚ್ಚರು, ಆಮೇಲೆ ಇಂಗ್ಲಿಷರು ಶಂಖದ ಕಡಲನ್ನು ಖಜಾನೆಯ ಹಾಗೆ ನೋಡಿಕೊಂಡರು. 1914ರಲ್ಲಿ ಮದ್ರಾಸ್ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಶಂಖ ಒಂದರ ಬಗ್ಗೆಯೇ ದೊಡ್ಡ ಪುಸ್ತಕ ಬರೆದರು ಅಂದರೆ ಅದರ ಬೆಲೆ ಗೊತ್ತಾಗುತ್ತದೆ. ಆಗ ಶಂಖ ಅಳೆಯಲು ಒಂದು ಬಳೆಯಂಥ ಅಳತೆ ಇತ್ತು. ಸುಮಾರು ಎರಡೂಕಾಲು ಇಂಚು ಅಗಲ. ಅದರಲ್ಲಿ ತೂರಿಹೋದ ಶಂಖ ಇನ್ನೂ ಚಿಕ್ಕದು, ವಾಪಸ್ಸು ಕಡಲಿಗೆ. ಈ ಸರಳ ಉಪಾಯ ನನಗೆ ತುಂಬಾ ಇಷ್ಟ. ಓದು ಬರಹ ಬರದವನೂ ಪಾಲಿಸಬಹುದಾದ ಕಾನೂನು, ಅಲ್ವಾ?

ಹುಳುವನ್ನು ಕೊಲ್ಲದೆ ಶಂಖ ತೆಗೆಯಲು ಬರುವುದಿಲ್ಲವೇ?

ಬರುವುದಿಲ್ಲ. ಹುಳುವಿನ ಮೈ ಚಿಪ್ಪಿನ ನಡುವಿನ ಕಂಬಕ್ಕೆ ಅಂಟಿಕೊಂಡೇ ಇರುತ್ತದೆ. ಸನ್ಯಾಸಿ ಏಡಿಯ ಹಾಗೆ ಮನೆ ಬದಲಿಸುವ ಜಾತಿ ಇದಲ್ಲ. "ಹುಳು ತಾನಾಗಿಯೇ ಬಿಟ್ಟುಹೋದ ಶಂಖ" ಅಂತ ಯಾರಾದರೂ ಮಾರಿದರೆ ಅದು ವ್ಯಾಪಾರದ ಮಾತು. ತಾನಾಗಿ ಸತ್ತ ಹುಳುವಿನ ಚಿಪ್ಪು ಸಿಗುವುದಿಲ್ಲ ಅಂತಲ್ಲ, ಸಿಗುತ್ತದೆ. ಆದರೆ ಹೊಳಪು ಹೋಗಿ, ಬೇರೆ ಹುಳುಗಳು ಕೊರೆದು ತೂತು ಬಿದ್ದಿರುತ್ತದೆ. ಅದಕ್ಕೆ ಬೆಲೆ ಕಡಿಮೆ.

ಇದನ್ನು ತಿನ್ನುತ್ತಾರಾ?

ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಈ ಮಾತು ಹೇಳಿದಾಗ ಅಮ್ಮ ಕಿವಿ ಮುಚ್ಚಿಕೊಂಡರು. ಆದರೆ ತಮಿಳುನಾಡು, ಶ್ರೀಲಂಕಾದ ಮೀನುಗಾರರ ಮನೆಗಳಲ್ಲಿ ಇದು ಮಾಮೂಲಿ ಊಟ. ತಿನ್ನುವುದು ಮುಖ್ಯವಾಗಿ ಅದರ 'ಪಾದ', ಅಂದರೆ ತೆವಳುವ ದಪ್ಪ ಮಾಂಸಖಂಡ. ಬೇಯಿಸಿ, ಎಳೆದು ಹೊರತೆಗೆದು, ಹೊಟ್ಟೆಯ ಭಾಗ ಬಿಸಾಕಿ, ಉಪ್ಪು ಹಾಕಿ ಚೆನ್ನಾಗಿ ಉಜ್ಜಿ ಲೋಳೆ ತೆಗೆಯುತ್ತಾರೆ. ತೆಳ್ಳಗೆ ಹೆಚ್ಚಬೇಕು, ಇಲ್ಲದಿದ್ದರೆ ರಬ್ಬರ್ ಅಗಿದ ಹಾಗೆ. ಆಮೇಲೆ ಈರುಳ್ಳಿ, ಕಾಳುಮೆಣಸು ಹಾಕಿ ಹುರಿಯುವುದು, ಇಲ್ಲವೇ ಸಾರು. ಬಿಸಿಲಲ್ಲಿ ಒಣಗಿಸಿಡುವುದೂ ಇದೆ. ರುಚಿ ಬೊಂಡಾಸ್ (ಸ್ಕ್ವಿಡ್) ಮೀನಿನ ಹತ್ತಿರ, ಸ್ವಲ್ಪ ಸಿಹಿ. ಚಿಪ್ಪಿನ ಜಾತಿಯ ಆಹಾರಕ್ಕೆ ಮೈ ಕೆರೆತ, ಊತ ಬರುವವರು ಇದರ ತಂಟೆಗೆ ಹೋಗಬೇಡಿ.

ಚಿಪ್ಪಿಗೇ ಬೆಲೆ ಇದ್ದ ಕಾಲದಲ್ಲಿ ಮಾಂಸವನ್ನು ಯಾರೂ ಕೇಳುತ್ತಿರಲಿಲ್ಲ. ರಾಶಿ ಹಾಕಿ ಕೊಳೆಯಲು ಬಿಟ್ಟು, ನೊಣಗಳು ತಿಂದು ಮುಗಿಸಿದ ಮೇಲೆ ಚಿಪ್ಪು ತೊಳೆಯುತ್ತಿದ್ದರಂತೆ. ಆ ಗೋದಾಮಿನ ವಾಸನೆ ಬೇಡ ಬಿಡಿ.

ಇನ್ನೊಂದು ಭಾಗವೂ ವ್ಯರ್ಥವಾಗುವುದಿಲ್ಲ. ಹುಳು ಒಳಗೆ ಸರಿದುಕೊಂಡಾಗ ಬಾಗಿಲು ಹಾಕಿಕೊಳ್ಳಲು ಒಂದು ಉಗುರಿನಂಥ ಮುಚ್ಚಳ ಇರುತ್ತದೆ. ಧೂಪ, ಸುಗಂಧ ಮಾಡುವವರು ಅದನ್ನು ಕೊಳ್ಳುತ್ತಾರೆ. ಬೇರೆ ಪರಿಮಳಗಳನ್ನು ಹಿಡಿದಿಡುವ ಗುಣ ಅದಕ್ಕಿದೆಯಂತೆ.

ಹಿಡಿದ ಶಂಖ ಎಲ್ಲಾ ದೇವಸ್ಥಾನಕ್ಕೇ ಹೋಗುತ್ತದಾ?

ಅದೇ ತಪ್ಪು ಕಲ್ಪನೆ. ಹಿಂದಿನಿಂದಲೂ ದೊಡ್ಡ ಗಿರಾಕಿ ಬಂಗಾಳ. ಅಲ್ಲಿ ಮದುವೆಯಾದ ಹಿಂದೂ ಹೆಂಗಸರು ಶಾಖಾ ಅನ್ನುವ ಬಿಳಿ ಶಂಖದ ಬಳೆಯನ್ನು ಕೆಂಪು ಬಳೆಯ ಜೊತೆ ತೊಡುತ್ತಾರೆ. ನಮ್ಮಲ್ಲಿ ಕರಿಮಣಿ ಹೇಗೋ ಅಲ್ಲಿ ಇದು ಹಾಗೆ. ಢಾಕಾದ ಶಾಂಖಾರಿ ಬಜಾರ್ ಅನ್ನುವ ಇಕ್ಕಟ್ಟಾದ ಬೀದಿಯ ಹೆಸರೇ ಈ ಕಸುಬಿನಿಂದ ಬಂದದ್ದು. ಪಶ್ಚಿಮ ಬಂಗಾಳದ ಬಿಷ್ಣುಪುರದಲ್ಲೂ ಶಾಂಖಾರಿಗಳು, ಅಂದರೆ ಶಂಖದ ಕೆಲಸಗಾರರು, ಇದ್ದಾರೆ.

ಬಳೆ ಕೊಯ್ಯುವ ಹಳೆಯ ಗರಗಸ ಅರ್ಧ ಚಂದ್ರದ ಆಕಾರದ್ದು. ಕೆಲಸಗಾರ ನೆಲದಲ್ಲಿ ಕೂತು, ಶಂಖವನ್ನು ಕಾಲಲ್ಲಿ ಒತ್ತಿ ಹಿಡಿದು, ಗರಗಸ ಆ ಕಡೆ ಈ ಕಡೆ ಆಡಿಸುತ್ತಾನೆ. ಅದು ಹೋಗುವಾಗಲೂ ಕೊಯ್ಯುತ್ತದೆ, ಬರುವಾಗಲೂ ಕೊಯ್ಯುತ್ತದೆ. ಬಂಗಾಳಿಗಳು ಎರಡೂ ಕಡೆಯಿಂದ ಕಷ್ಟ ಬಂದರೆ "ಶಂಖದ ಗರಗಸ" ಅನ್ನುತ್ತಾರೆ. ನಾವು "ಅತ್ತ ದರಿ ಇತ್ತ ಪುಲಿ" ಅಂದ ಹಾಗೆ. ಒಂದು ಶಂಖದಿಂದ ಕೆಲವೇ ಬಳೆ ಸಿಗುತ್ತವೆ. ಉಳಿದ ಚೂರುಗಳಿಂದ ಉಂಗುರ, ಮಣಿ. ಆ ಧೂಳು ಮೂಗಿಗೆ, ಎದೆಗೆ ಒಳ್ಳೆಯದಲ್ಲ.

ಇದು ಎಷ್ಟು ಹಳೆಯ ಕಸುಬು?

ಹರಪ್ಪ ಕಾಲದ್ದು. ಗುಜರಾತಿನ ನಾಗೇಶ್ವರದಲ್ಲಿ ನಾಲ್ಕು ಸಾವಿರ ವರ್ಷಕ್ಕಿಂತ ಹಳೆಯ ಶಂಖದ ಕಾರ್ಖಾನೆಯನ್ನೇ ಅಗೆದು ತೆಗೆದಿದ್ದಾರೆ. ಇದೇ ಜಾತಿಯ ಶಂಖ, ಅದೇ ಬಳೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಗಣಿಯ ಅಧಿಕಾರಿ ನೋಡಿಕೊಳ್ಳಬೇಕಾದ ಪದಾರ್ಥಗಳ ಪಟ್ಟಿಯಲ್ಲಿ ವಜ್ರ, ಮುತ್ತು, ಹವಳದ ಜೊತೆ ಶಂಖ ಇದೆ.

ನಮ್ಮ ಕಡೆ ಕಡಲಿಲ್ಲದ ಊರಲ್ಲೂ ಶಂಖ ಬೇರು ಬಿಟ್ಟಿದೆ. ಜೈನರ ನೇಮಿನಾಥ ತೀರ್ಥಂಕರನ ಗುರುತು ಶಂಖ. ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಅವನ ಬಸದಿಗೆ ಶಂಖ ಬಸದಿ ಅಂತಲೇ ಹೆಸರು. ಹಳೆ ಮೈಸೂರಿನ ಹಳ್ಳಿಗಳಲ್ಲಿ ದಾಸಯ್ಯ ಬಂದರೆ ಮೊದಲು ಕೇಳುವುದು ಶಂಖ, ಜಾಗಟೆ. ಹರಿಸೇವೆಗೂ ಅದೇ ಸದ್ದು, ಸಾವಿನ ಮೆರವಣಿಗೆಗೂ ಅದೇ ಸದ್ದು.

ಬಲಮುರಿ ಶಂಖ ಅಂದರೇನು? ಅದು ನಿಜವಾಗಲೂ ಅಷ್ಟು ಅಪರೂಪವೇ?

ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ನಿಧಾನವಾಗಿ ನೋಡೋಣ.

ಮನೆಯ ಶಂಖವನ್ನು ಕೈಗೆ ತೆಗೆದುಕೊಳ್ಳಿ. ಉದ್ದ ಬಾಲ (ಸುರುಳಿಗೆ ಎದುರಿನ ಕಿರಿದಾದ ತುದಿ) ಮೇಲಕ್ಕೆ, ಸುರುಳಿಯ ತುದಿ ಕೆಳಕ್ಕೆ, ಬಾಯಿ ನಿಮ್ಮ ಕಡೆಗೆ ಇರಲಿ. ಬಾಯಿ ಎಡಗಡೆಗೆ ಇದೆಯಾ? ಅದು ಎಡಮುರಿ, ವಾಮಾವರ್ತಿ. ಮಾಮೂಲಿ ಶಂಖವೆಲ್ಲಾ ಇದೇ. ಬಾಯಿ ಬಲಗಡೆಗೆ ಇದ್ದರೆ ಬಲಮುರಿ, ದಕ್ಷಿಣಾವರ್ತಿ. ತಮಿಳರ ವಲಂಪುರಿ.

ಈಗ ತಮಾಷೆ. ಜೀವಶಾಸ್ತ್ರದವರು ಶಂಖವನ್ನು ತಲೆಕೆಳಗೆ ಹಿಡಿಯುತ್ತಾರೆ, ಸುರುಳಿ ಮೇಲೆ, ಬಾಲ ಕೆಳಗೆ. ಆಗ ನಮ್ಮ ಎಡಮುರಿ ಅವರಿಗೆ ಬಲಮುರಿ. ನಮ್ಮ ಬಲಮುರಿ ಅವರಿಗೆ ಎಡಮುರಿ. ಪುಸ್ತಕದಲ್ಲಿ ಒಂದು, ಪುರೋಹಿತರು ಹೇಳಿದ್ದು ಇನ್ನೊಂದು ಅಂತ ಜಗಳ ಆಗುವುದು ಇದರಿಂದಲೇ. ಇಬ್ಬರದೂ ಸರಿ. (ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ಬಲಮುರಿ, ಎಡಮುರಿ ಅನ್ನುವ ಜಾಗಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಲ್ಲಿ ನಿಂತು ನೋಡುತ್ತೀರಿ ಅನ್ನುವುದರ ಮೇಲೆ ಬಲ, ಎಡ.)

ನಿಜವಾದ ಬಲಮುರಿ ಶಂಖ ಬೇರೆ ಜಾತಿಯಲ್ಲ. ಅದೇ ಹುಳು, ಹುಟ್ಟುವಾಗಲೇ ಸುರುಳಿ ಉಲ್ಟಾ ತಿರುಗಿದೆ, ಅಷ್ಟೇ. ನಮ್ಮಲ್ಲಿ ಒಬ್ಬೊಬ್ಬರಿಗೆ ಹೃದಯ ಬಲಗಡೆ ಇರುವ ಹಾಗೆ. ಜೀವಮಾನವೆಲ್ಲಾ ಮುಳುಗಿದವರೂ ಒಂದನ್ನೂ ಕಾಣದೆ ಹೋಗಬಹುದು. ಹಿಂದೆ ಚಿನ್ನದ ತೂಕಕ್ಕೆ ಮಾರುತ್ತಿತ್ತು ಅಂತ ಹೇಳುವುದು ಸುಮ್ನೆ ಅಲ್ಲ. ತಿರುವಾಂಕೂರಿನ ರಾಜರು ಇದನ್ನೇ ಲಾಂಛನ ಮಾಡಿಕೊಂಡಿದ್ದರು.

ಹಾಗಾದರೆ ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ಸಿಗುವ ಬಲಮುರಿ ಯಾವುದು?

ಬಹುಪಾಲು ಅಮೆರಿಕದ್ದು! ಮೆಕ್ಸಿಕೋ ಕೊಲ್ಲಿ ಮತ್ತು ಅಮೆರಿಕದ ಆಗ್ನೇಯ ಕರಾವಳಿಯಲ್ಲಿ ಲೈಟ್ನಿಂಗ್ ವೆಲ್ಕ್ ಅನ್ನುವ ಬೇರೊಂದು ಹುಳು ಇದೆ. ಅದರ ಜಾತಿಯೇ ಹುಟ್ಟಾ ಆ ಕಡೆ ತಿರುಗಿದ್ದು. ಅಲ್ಲಿ ಬೇಕಾದಷ್ಟು ಸಿಗುತ್ತದೆ. 1987ರಲ್ಲಿ ಟೆಕ್ಸಾಸ್ ಅದನ್ನು ತನ್ನ ರಾಜ್ಯದ ಚಿಪ್ಪು ಅಂತ ಘೋಷಿಸಿತು. ಅದನ್ನೂ ಜನ ತಿನ್ನುತ್ತಾರೆ. ಅದರ ಗಂಟು, ಕಂದು ಗೆರೆಗಳನ್ನು ಉಜ್ಜಿ ಬಿಳಿ ಮಾಡಿದರೆ ನಮ್ಮ ದೇವರ ಮನೆಗೆ ಸಿದ್ಧ.

ಪತ್ತೆ ಮಾಡುವುದು ಸುಲಭ. ಬಾಯೊಳಗೆ ಮೊಬೈಲ್ ಟಾರ್ಚ್ ಬಿಡಿ. ನಡುವಿನ ಕಂಬದ ಮೇಲೆ ಬೆರಳು ಆಡಿಸಿ. ನಮ್ಮ ಶಂಖವಾದರೆ ಆ ಕಂಬಕ್ಕೆ ಅಡ್ಡವಾಗಿ ಮೂರು ನಾಲ್ಕು ಏಣು ಸಿಗುತ್ತವೆ, ಸೀರೆ ನೆರಿಗೆ ಹಿಡಿದ ಹಾಗೆ. ವೆಲ್ಕ್ ಆದರೆ ನುಣ್ಣಗೆ, ಏನೂ ಸಿಗದು. ಇಷ್ಟು ನೋಡಿದರೆ ಸಾಕು. ನೀರಲ್ಲಿ ಇಟ್ಟರೆ ತಾನೇ ತಿರುಗುತ್ತದೆ, ಅಕ್ಕಿಯಲ್ಲಿ ಇಟ್ಟರೆ ಮೇಲೇಳುತ್ತದೆ ಅನ್ನುವ ವಿಡಿಯೊಗಳನ್ನು ನಂಬಬೇಡಿ.

ಸ್ನೇಹಿತರೊಬ್ಬರು ಒಂದು ಅಂಗಡಿಯಿಂದ ದುಡ್ಡು ಸುರಿದು ತಂದಿದ್ದರು, ಜೊತೆಗೆ ಸೀಲು ಹಾಕಿದ ಸರ್ಟಿಫಿಕೇಟು. ನಾನು ಟಾರ್ಚ್ ಬಿಟ್ಟು ನೋಡಿ ಸುಮ್ಮನಾದೆ. ಅವರ ಮನೆಯಾಕೆ ಆಗಲೇ ಅರಿಸಿನ ಕುಂಕುಮ ಹಚ್ಚಿ ಪೀಠದ ಮೇಲೆ ಇಟ್ಟಾಗಿತ್ತು.

ಕಿವಿಗೆ ಇಟ್ಟರೆ ಸಮುದ್ರ ಕೇಳುತ್ತದಲ್ಲ?

ನೀವು ಕೂತ ಕೋಣೆಯ ಸದ್ದೇ ಅದು. ಫ್ಯಾನು, ರಸ್ತೆ, ಗಾಳಿ ಎಲ್ಲವೂ ಒಳಗಿನ ಸುರುಳಿಯಲ್ಲಿ ಗುಂಯ್ ಅನ್ನುತ್ತವೆ. ಖಾಲಿ ಚೊಂಬು ಇಟ್ಟುಕೊಂಡು ನೋಡಿ, ಅದರಲ್ಲೂ ಕೇಳುತ್ತದೆ.

ಊದುವ ಶಂಖ, ಪೂಜೆಯ ಶಂಖ ಬೇರೆ ಬೇರೆಯಾ? ನನಗೆ ಊದಲು ಬರುತ್ತಿಲ್ಲ.

ಹುಳು ಒಂದೇ, ಕೊಯ್ದ ರೀತಿ ಬೇರೆ. ಸುರುಳಿಯ ತುದಿ ಕತ್ತರಿಸಿ ತೂತು ಮಾಡಿದರೆ ಊದುವ ಶಂಖ. ತುದಿ ಹಾಗೇ ಬಿಟ್ಟದ್ದು ನೀರು ತುಂಬಿ ಅಭಿಷೇಕ ಮಾಡಲು. "ಶಂಖದಿಂದ ಬಂದರೇ ತೀರ್ಥ" ಅನ್ನುವ ಗಾದೆಯ ಶಂಖ ಈ ಎರಡನೆಯದು.

ಊದಲು ಬರದವರು ಮಾಡುವ ತಪ್ಪು ಒಂದೇ: ಬಲೂನಿಗೆ ಊದಿದ ಹಾಗೆ ಊದುವುದು. ಗಾಳಿ ಸದ್ದು ಮಾಡುವುದಿಲ್ಲ, ತುಟಿ ಮಾಡುತ್ತದೆ. ತುಟಿ ಬಿಗಿಯಾಗಿ ಮುಚ್ಚಿ 'ಪುರ್ರ್' ಅನ್ನಿಸಿ. ಆ ನಡುಕವನ್ನು ತೂತಿಗೆ ಕೊಡಿ. ಮೊದಲ ವಾರ ಎಮ್ಮೆ ಕೂಗಿದ ಹಾಗೆ ಬರುತ್ತದೆ. ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ.

ಮನೆಯಲ್ಲಿ ತೊಳೆಯುವುದು ಹೇಗೆ?

ಹೇಗೆ ತೊಳೆಯಬಾರದು ಅಂತ ನನ್ನಿಂದ ಕಲಿಯಿರಿ. ಗೌರಿ ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪಗಳ ಜೊತೆ ಅಜ್ಜಿಯ ಶಂಖವನ್ನೂ ಹುಣಿಸೆಹಣ್ಣಿನ ನೀರಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಶಂಖದ ಮೈಮೇಲೆಲ್ಲಾ ಸಣ್ಣ ಸಣ್ಣ ಗುಳ್ಳೆ ಎದ್ದವು. ಕೊಳೆ ಬಿಡುತ್ತಿದೆ ಅಂತ ಖುಷಿಪಟ್ಟೆ. ಬೆಳಿಗ್ಗೆ ತೆಗೆದು ನೋಡಿದರೆ ದೀಪ ಥಳಥಳ, ಶಂಖ ಸೀಮೆಸುಣ್ಣ. ಹೊಳಪು ಪೂರ್ತಿ ಹೋಗಿತ್ತು. ಚಿಪ್ಪು ಅಂದರೆ ಸುಣ್ಣವೇ ಅಲ್ಲವೇ, ಹುಳಿ ಅದನ್ನು ತಿಂದುಬಿಡುತ್ತದೆ. ಆ ಗುಳ್ಳೆಗಳು ಶಂಖ ಕರಗುತ್ತಿದ್ದ ಗುರುತು.

ಹಾಗಾಗಿ ಹುಣಿಸೆಹಣ್ಣು, ನಿಂಬೆ, ವಿನೆಗರ್, ಟಾಯ್ಲೆಟ್ ಆಸಿಡ್ ಯಾವುದೂ ಬೇಡ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆ ಬ್ರಷ್ಷು. ಒಳಗಿನ ನೀರು ಪೂರ್ತಿ ಸೋರಲು ಬಾಯಿ ಕೆಳಗೆ ಮಾಡಿ ಇಡಿ. ಒಣಗಿದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಮಕ್ಕಳಿಗೆ ಶಂಖದಲ್ಲಿ ಹಾಲು ಕುಡಿಸುತ್ತಿದ್ದರಂತೆ?

ಹೌದು, ಪುಟ್ಟ ಶಂಖದಲ್ಲಿ. ನಮ್ಮ ಒಳಲೆ ಇದೆಯಲ್ಲ, ಅದೇ ಕೆಲಸ. ಅದರ ಬಾಲ ಮಗುವಿನ ತುಟಿಗೆ ಸರಿಯಾಗಿ ಹೊಂದುತ್ತದೆ. ಆದರೆ ಸುರುಳಿಯ ಮೂಲೆಗೆ ಬ್ರಷ್ಷು ಹೋಗುವುದಿಲ್ಲ, ಹಾಲು ಅಲ್ಲೇ ಕೂತು ಹುಳಿಯುತ್ತದೆ. ಈಗ ಸ್ಟೀಲಿನ ಒಳಲೆ ಸಿಗುವಾಗ ಶಂಖ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕೊಳ್ಳುವುದು ಕಾನೂನಿಗೆ ವಿರುದ್ಧವೇ?

ಅಂಗಡಿಯಲ್ಲಿ ಪೂಜೆಯ ಶಂಖ ರಾಜಾರೋಷವಾಗಿಯೇ ಮಾರಾಟವಾಗುತ್ತದೆ. ಆದರೆ ಅದರ ಪಕ್ಕದಲ್ಲೇ ಜೋಡಿಸಿಟ್ಟ ಇತರ ಚಿಪ್ಪುಗಳ ಬಗ್ಗೆ ಎಚ್ಚರ. ಕೊಂಬಿರುವ ದೊಡ್ಡ ಹೆಲ್ಮೆಟ್ ಚಿಪ್ಪು, ಟ್ರೈಟನ್, ನಾಟಿಲಸ್ ಇವೆಲ್ಲಾ 2001ರಿಂದ ವನ್ಯಜೀವಿ ರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಹುಲಿಯನ್ನು ಕಾಯುವ ಕಾಯ್ದೆಯೇ ಇದು. ಅಂಗಡಿಯವರು ಮಾರಿದರು ಅಂತ ನಿಮ್ಮ ಬ್ಯಾಗಿನಲ್ಲಿ ಸಿಕ್ಕಿದ್ದು ಸರಿಯಾಗುವುದಿಲ್ಲ. 1986ರಲ್ಲಿ ಮನ್ನಾರ್ ಕೊಲ್ಲಿಯ 21 ದ್ವೀಪಗಳ ಸುತ್ತಲಿನ ಕಡಲನ್ನು ರಾಷ್ಟ್ರೀಯ ಉದ್ಯಾನ ಮಾಡಿದ್ದಾರೆ. ಅಲ್ಲಿಂದ ಏನನ್ನೂ ತೆಗೆಯುವ ಹಾಗಿಲ್ಲ. ವಿದೇಶಕ್ಕೆ ಒಯ್ಯುವವರು ಆ ದೇಶದ ನಿಯಮ ನೋಡಿಕೊಂಡು, ಬಿಲ್ಲು ಜೊತೆಗಿಟ್ಟುಕೊಳ್ಳಿ. ಮನೆಯಲ್ಲಿ ಹಳೆಯದೊಂದು ಇದ್ದರೆ ಹೊಸದು ಯಾಕೆ ಬೇಕು ಅಂತಲೂ ಯೋಚಿಸಿ. ಹುಣಿಸೆಹಣ್ಣಿಗೆ ಹಾಕದಿದ್ದರೆ ಶಂಖ ಮೂರು ತಲೆಮಾರು ಬಾಳುತ್ತದೆ.

ಬೀಚಿನಲ್ಲಿ ಜೀವಂತ ಚಿಪ್ಪು ಸಿಕ್ಕಿದರೆ?

ಮೊದಲು ಕೈ ಹಾಕಬೇಡಿ. ಐಸ್‌ಕ್ರೀಂ ಕೋನಿನ ಆಕಾರ, ಮೈಮೇಲೆ ಚಂದದ ಚಿತ್ತಾರ ಇದ್ದರೆ ಅದು ಕೋನ್ ಜಾತಿಯ ಹುಳು. ವಿಷದ ಮುಳ್ಳು ಬಿಡುತ್ತದೆ, ಅದರಲ್ಲಿ ಕೆಲವು ಮನುಷ್ಯರನ್ನೂ ಕೊಲ್ಲಬಲ್ಲವು. ಕಾಲು, ಕೊಂಡಿ ಕಂಡರೆ ಸನ್ಯಾಸಿ ಏಡಿ ಬಾಡಿಗೆಗಿದೆ ಅಂತ ಅರ್ಥ. ಕಂದು ಸಿಪ್ಪೆಯ ಶಂಖವೇ ಆಗಿದ್ದು, ಬಾಯಲ್ಲಿ ಆ ಉಗುರಿನ ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಒಳಗೆ ಆಸಾಮಿ ಇದ್ದಾನೆ. ಸುರುಳಿಯ ಕಡೆ ಹಿಡಿದು, ಮೊಣಕಾಲು ನೀರಿಗೆ ಇಳಿದು, ಬಾಯಿ ಕೆಳಗೆ ಮಾಡಿ ಮರಳ ಮೇಲೆ ಇಡಿ. ಸ್ವಲ್ಪ ಹೊತ್ತು ಅಲ್ಲಾಡದೆ ನಿಂತರೆ ಬಾಗಿಲು ಸರಿದು, ದಪ್ಪ ಪಾದ ಹೊರಗೆ ಬಂದು, ಶಂಖ ನಿಧಾನಕ್ಕೆ ಮರಳಿನೊಳಗೆ ಇಳಿಯುವುದು ಕಾಣುತ್ತದೆ.